ಹೊಗೇನಕಲ್ಲಿನ ಹರಿಗೋಲು

ಬೆಳಗಿನ ಹೊತ್ತಿನಲ್ಲಿ ಹೊಗೇನಕಲ್ಲಿನ ದಾರಿಯಲ್ಲಿ ದೊಡ್ಡದೊಂದು ಕಪ್ಪು ಕೊಡೆ ತಾನಾಗಿ ನಡೆದು ಬರುತ್ತಿರುವಂತೆ ಕಾಣುತ್ತದೆ. ಹತ್ತಿರ ಬಂದಾಗ ತಿಳಿಯುತ್ತದೆ, ಅದು ಬೋರಲು ಹಾಕಿದ ಹರಿಗೋಲು. ಅಡಿಯಲ್ಲಿ ಅದನ್ನು ತಲೆಯ ಮೇಲೆ ಹೊತ್ತ ಅಂಬಿಗನ ಎರಡು ಕಾಲು. ಹಿಂದೆಯೇ ಮಕ್ಕಳು ಮರಿಗಳೊಂದಿಗೆ ಒಂದು ಸಂಸಾರ. ಆ ದಿನದ ಮೊದಲ ಸವಾರಿ ಹೊಳೆಯತ್ತ ಹೊರಟಿದೆ.

ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳಿಗೆ ಕಡಲಿಲ್ಲ. ನೀರಿನ ಮೇಲೆ ಆಡಬೇಕೆಂದರೆ ಏರ್ಕಾಡಿನ ಕೆರೆಯಲ್ಲಿ ದೋಣಿಯುಂಟು, ಮೆಟ್ಟೂರು ಅಣೆಕಟ್ಟಿನ ಕೆಳಗೆ ಉದ್ಯಾನವುಂಟು. ಆದರೆ ಜನ ಜಾತ್ರೆಯಂತೆ ನೆರೆಯುವುದು ಧರ್ಮಪುರಿ ಪಟ್ಟಣದಿಂದ ಸುಮಾರು 46 ಕಿ.ಮೀ. ದೂರದ ಹೊಗೇನಕಲ್ಲಿನಲ್ಲಿ. ಎದುರು ದಡ ನಮ್ಮ ಚಾಮರಾಜನಗರ ಜಿಲ್ಲೆಯದು. ಬಂಡೆಗಳ ನಡುವೆ ಹಲವು ಕವಲಾಗಿ ಬೀಳುವ ಕಾವೇರಿಯಿಂದ ಏಳುವ ತುಂತುರು ಹೊಗೆಯಂತೆ ಕಾಣುವುದರಿಂದ ಇದು 'ಹೊಗೆ'ಯ 'ಕಲ್ಲು'. ತಮಿಳರ ಬಾಯಲ್ಲಿ ಒಗೇನಕ್ಕಲ್ ಆದರೂ ಹೆಸರಿನೊಳಗಿನ ಕನ್ನಡ ಮಾಸಿಲ್ಲ. ಕಲ್ಲಿನ ಹಿರಿತನವೂ ಸಣ್ಣದಲ್ಲ. ಇಲ್ಲಿನ ಕಾರ್ಬೊನಟೈಟ್ ಶಿಲೆಗೆ ಸುಮಾರು 240 ಕೋಟಿ ವರ್ಷ ಎಂಬುದು ಭೂವಿಜ್ಞಾನಿಗಳ ಲೆಕ್ಕ.

ಈ ಊರಿನ ಆಟಗಳಿಗೆ ಯಂತ್ರ ಬೇಕಿಲ್ಲ. ಹೊಳೆಯ ಸೆಳೆತ, ಅದನ್ನು ಬಲ್ಲ ಕೈ, ಇವೆರಡರಿಂದಲೇ ಎಲ್ಲವೂ ನಡೆಯುತ್ತದೆ. ಈ ಆಟಗಳ ನಾಯಕ ಹರಿಗೋಲು. ಹಳೆ ಮೈಸೂರಿನವರಿಗೆ ಅದು ತೆಪ್ಪ, ಇಲ್ಲಿನವರಿಗೆ ಪರಿಸಲ್. ಸೀಳಿದ ಬಿದಿರನ್ನು ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಅಡ್ಡಗಲ ಏಳೆಂಟು ಅಡಿ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದ ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಾಗಿದರೆ ಬಿದಿರು ಬಾಗಿಕೊಂಡು ಪೆಟ್ಟನ್ನು ತಾಳಿಕೊಳ್ಳುತ್ತದೆ. ಆದರೆ ದುಂಡಗಿನ ದೋಣಿಗೆ ಹಿಂದು ಮುಂದು ಎಂಬುದಿಲ್ಲ. ಹುಟ್ಟನ್ನು ಒಂದೇ ಮಗ್ಗುಲಲ್ಲಿ ಹಾಕಿದರೆ ಬುಗುರಿಯಂತೆ ತಿರುಗುತ್ತದೆಯೇ ಹೊರತು ಮುಂದೆ ಹೋಗದು. ಅಂಬಿಗ ಮುಂದೆ ಕೂತು ಎದುರಿನ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತಾ ಸಾಗಬೇಕು. ನೋಡಲು ಸುಲಭವೆನಿಸುವ ಈ ವಿದ್ಯೆ ಕೈಗೆ ಹತ್ತಲು ವರ್ಷಗಳೇ ಬೇಕು.

ಇದು ನಮ್ಮ ಹೊಳೆಗಳ ಹಳೆಯ ವಿದ್ಯೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಜನ ತುಂಗಭದ್ರೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಅಂದು ಹೊಳೆ ದಾಟುವ ಅಗತ್ಯಕ್ಕೆ ಹುಟ್ಟಿದ ದೋಣಿ ಇಂದು ಸೇತುವೆಗಳ ಕಾಲದಲ್ಲಿ ಬದುಕುಳಿದಿರುವುದು ಬಹುಮಟ್ಟಿಗೆ ಹೊಗೇನಕಲ್ಲಿನಂಥ ಜಾಗಗಳ ಪ್ರವಾಸಿಗರಿಂದ.

ಸವಾರಿ ಕಡಿದಾದ ಬಂಡೆಗೋಡೆಗಳ ನಡುವಣ ಕಣಿವೆಯೊಳಗೆ ಸಾಗುತ್ತದೆ. ಮೊದಲು ನೀರಿನ ಮೊರೆತ ಕೇಳಿಸುತ್ತದೆ, ಆಮೇಲೆ ತುಂತುರು ಮುಖಕ್ಕೆ ತಾಗುತ್ತದೆ, ಕೊನೆಗೆ ಜಲಪಾತ ಕಣ್ಣಿಗೆ ಬೀಳುತ್ತದೆ. ನೀರು ಶಾಂತವಾಗಿರುವ ಕಡೆ ಅಂಬಿಗ ಹರಿಗೋಲನ್ನು ಗರಗರನೆ ತಿರುಗಿಸಿದಾಗ ಮಕ್ಕಳ ಕೂಗಿಗೆ ಬಂಡೆಗಳು ಓಗೊಡುತ್ತವೆ. ಅಷ್ಟರಲ್ಲಿ ಬಿಸ್ಕತ್ತು, ತಂಪು ಪಾನೀಯ ತುಂಬಿಕೊಂಡ ಇನ್ನೊಂದು ಹರಿಗೋಲು ಪಕ್ಕಕ್ಕೆ ಬರುತ್ತದೆ. ಅದು ತೇಲುವ ಅಂಗಡಿ.

ದಡದ ಮೇಲಿನ ಸುಖ ಬೇರೆ. ಎಣ್ಣೆ ತಿಕ್ಕುವವರು ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆಯೊತ್ತಿ, ಕೀಲುಗಳನ್ನು ಲಟಲಟನೆ ಸಡಿಲಿಸಿ ನೀರಿನ ಧಾರೆಯಡಿ ಕಳಿಸುತ್ತಾರೆ. ಸ್ನಾನವಾದ ಮೇಲೆ ಹಸಿವು ಕೆರಳುತ್ತದೆ. ಹಸಿ ಮೀನು ಕೊಂಡು ಕೊಟ್ಟರೆ ಹೆಂಗಸರು ಮಸಾಲೆ ಹಚ್ಚಿ ಕಣ್ಣೆದುರೇ ಹುರಿದುಕೊಡುತ್ತಾರೆ. ನಡೆಯುವ ಹುಮ್ಮಸ್ಸಿದ್ದವರಿಗೆ ತೂಗುಸೇತುವೆ, ಮಕ್ಕಳಿಗೆ ಮೊಸಳೆ ಪುನರ್ವಸತಿ ಕೇಂದ್ರ ಇವೆ. ತಮಿಳರ ಆಡಿ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ತುಂಬಿದ ಕಾವೇರಿಗೆ ಪೂಜೆ ಸಲ್ಲಿಸಲು ಬರುವ ಜನ ಅಪಾರ.

ಇಷ್ಟೆಲ್ಲವನ್ನೂ ತೆರೆಯುವ, ಮುಚ್ಚುವ ಬೀಗದಕೈ ಮೇಲಿನ ಮಳೆಯ ಬಳಿ ಇದೆ. ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆ ಹಿಡಿದು ಕೆಆರ್‌ಎಸ್, ಕಬಿನಿ ಗೇಟು ತೆರೆದರೆ ಆ ನೀರು ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರ ದಾಟಿ ಇಲ್ಲಿಗೆ ಬರುತ್ತದೆ. ಹರಿವು ಏರಿದೊಡನೆ ಜಿಲ್ಲಾಡಳಿತ ಹರಿಗೋಲಿಗೂ ಸ್ನಾನಕ್ಕೂ ತಡೆ ಹಾಕುತ್ತದೆ. 2018ರಲ್ಲಿ, ಮತ್ತೆ 2024ರಲ್ಲಿ ಹರಿವು ಲಕ್ಷ ಕ್ಯೂಸೆಕ್ ಮೀರಿತ್ತು. ಅಂಥ ದಿನಗಳಲ್ಲಿ ಅಂಬಿಗನಿಗೆ, ಎಣ್ಣೆ ತಿಕ್ಕುವವನಿಗೆ, ಮೀನು ಹುರಿಯುವಾಕೆಗೆ ಒಟ್ಟಿಗೇ ದುಡಿಮೆ ನಿಲ್ಲುತ್ತದೆ. ಹೊಳೆ ಬತ್ತಿದರೂ ಅದೇ ಪಾಡು.

ಇಲ್ಲಿಂದ ಹೊರಟ ನೀರು ಸೇರುವುದು ಮೆಟ್ಟೂರಿನ ಸ್ಟ್ಯಾನ್ಲಿ ಜಲಾಶಯವನ್ನು. 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿದ ಆ ಅಣೆಕಟ್ಟಿನ ಪೂರ್ಣ ಮಟ್ಟ 120 ಅಡಿ, ಹಿಡಿತ 93.47 ಟಿಎಂಸಿ. ನೀರು ತೀರ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಮುಳುಗಿದ ಗುಡಿಯ ನಂದಿ ತಲೆಯೆತ್ತುತ್ತದೆ, ಅದನ್ನು ನೋಡಲೂ ಜನ ಹೋಗುತ್ತಾರೆ. ಹೊಗೇನಕಲ್ಲಿನ ನೀರು ಆಟಕ್ಕಷ್ಟೇ ಅಲ್ಲ, ಕುಡಿಯಲೂ ಬೇಕು. ಅಂತರ್ಜಲದ ಫ್ಲೋರೈಡ್‌ನಿಂದ ಬಳಲಿದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ 2013ರಿಂದ ಇಲ್ಲಿನ ಕಾವೇರಿಯೇ ಕೊಳವೆಗಳಲ್ಲಿ ಹರಿಯುತ್ತಿದ್ದಾಳೆ.

ಹೊಗೇನಕಲ್ಲಿಗೆ ಹೊರಡುವ ಮುನ್ನ ಹರಿವಿನ ಸುದ್ದಿ ವಿಚಾರಿಸಿ. ಹರಿಗೋಲು ಹತ್ತುವಾಗ ಜೀವರಕ್ಷಕ ಜಾಕೆಟ್ ತೊಟ್ಟು ಬಿಗಿದುಕೊಳ್ಳಿ. ಇನ್ನಷ್ಟು ಒಳಕ್ಕೆ ಕರೆದೊಯ್ಯಿ ಎಂದು ಅಂಬಿಗನನ್ನು ಪೀಡಿಸಬೇಡಿ, ಅವನು ಬೇಡವೆಂದ ಕಡೆ ಅಪಾಯವಿರುತ್ತದೆ. ಶಾಂಪೂ ಪೊಟ್ಟಣ, ಎಣ್ಣೆ ಪೊಟ್ಟಣ, ಖಾಲಿ ಬಾಟಲಿಗಳನ್ನು ಹೊಳೆಗೆ ಎಸೆಯದೆ ಮರಳಿ ತನ್ನಿ. ನೀವು ಮಿಂದ ನೀರನ್ನು ಕೆಳಗಿನ ಊರುಗಳು ಕುಡಿಯುತ್ತವೆ.