ಹವ್ಯಾಸಿ ದೂರದರ್ಶಕದ ದೋಷನಿವಾರಣೆ

ಹವ್ಯಾಸಿ ದೂರದರ್ಶಕದ ದೋಷನಿವಾರಣೆ ಎಂದರೆ ಆಕಾಶವೀಕ್ಷಣೆಗೆ ಹೊಸಬರು ಬಳಸುವ ಚಿಕ್ಕ ದೂರದರ್ಶಕಗಳಲ್ಲಿ ಕಾಣಿಸಿಕೊಳ್ಳುವ ತೊಂದರೆಗಳ ಕಾರಣವನ್ನು ಗುರುತಿಸಿ ಸರಿಪಡಿಸುವ ಹಾಗೂ ಕಳೆದುಹೋದ ಇಲ್ಲವೇ ಮುರಿದ ಬಿಡಿಭಾಗಗಳಿಗೆ ಬದಲಿಯನ್ನು ಹೊಂದಿಸುವ ಕ್ರಮ. ಈ ವರ್ಗದಲ್ಲಿ ಹೆಚ್ಚಾಗಿ ಸಿಗುವುದು 60 ಅಥವಾ 70 ಮಿ.ಮೀ. ವಸ್ತುಕ ಮಸೂರವುಳ್ಳ ವಕ್ರೀಭವನ ದೂರದರ್ಶಕ ಮತ್ತು 76 ಅಥವಾ 114 ಮಿ.ಮೀ. ದರ್ಪಣವುಳ್ಳ ನ್ಯೂಟನ್ ಮಾದರಿಯ ಪ್ರತಿಫಲನ ದೂರದರ್ಶಕ. ಕೆಟ್ಟಿದೆಯೆಂದು ಅಟ್ಟ ಸೇರುವ ಇಂತಹ ಉಪಕರಣಗಳಲ್ಲಿ ಅನೇಕವು ಕೆಟ್ಟಿರುವುದಿಲ್ಲ; ಜೋಡಣೆ ತಪ್ಪಿರುತ್ತದೆ ಅಥವಾ ಅಗತ್ಯಕ್ಕಿಂತ ಹೆಚ್ಚಿನ ವರ್ಧನೆಯಲ್ಲಿ ಬಳಸಲಾಗಿರುತ್ತದೆ.

ಬಿಂಬ ಕಾಣದಿರುವುದು

ದೂರದರ್ಶಕದ ವರ್ಧನೆಯು ವಸ್ತುಕದ ಸಂಗಮದೂರವನ್ನು ಐಪೀಸ್ ಎಂದೇ ಪರಿಚಿತವಾದ ನೇತ್ರಕದ ಸಂಗಮದೂರದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ. 700 ಮಿ.ಮೀ. ಸಂಗಮದೂರದ ಉಪಕರಣಕ್ಕೆ 20 ಮಿ.ಮೀ. ನೇತ್ರಕ ಹಾಕಿದರೆ 35 ಪಟ್ಟು, 4 ಮಿ.ಮೀ. ನೇತ್ರಕ ಹಾಕಿದರೆ 175 ಪಟ್ಟು. ಇದರೊಂದಿಗೆ ಮೂರು ಪಟ್ಟಿನ ಬಾರ್ಲೋ ಮಸೂರ ಸೇರಿಸಿದರೆ 525 ಪಟ್ಟಾಗುತ್ತದೆ. ಡಬ್ಬಿಗಳ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಈ ಸಂಖ್ಯೆಯೇ. ಆದರೆ ಉಪಯುಕ್ತ ವರ್ಧನೆಯ ಮಿತಿ ಮಿ.ಮೀ.ಗಳಲ್ಲಿ ಅಳೆದ ವಸ್ತುಕದ ವ್ಯಾಸದ ಸುಮಾರು ಎರಡು ಪಟ್ಟು. 76 ಮಿ.ಮೀ. ದರ್ಪಣಕ್ಕೆ ಅದು 150ರ ಆಸುಪಾಸು. ಅದನ್ನು ಮೀರಿದರೆ ಕಾಣುವುದು ಮಂಕಾದ ಮಸುಕು ಮಾತ್ರ. ಆದ್ದರಿಂದ ಯಾವುದೇ ಪರೀಕ್ಷೆಯನ್ನು 20 ಅಥವಾ 25 ಮಿ.ಮೀ. ನೇತ್ರಕದಿಂದಲೇ ಆರಂಭಿಸಬೇಕು.

ಫೈಂಡರ್ ಮುಖ್ಯ ಕೊಳವೆಯೊಂದಿಗೆ ಒಂದೇ ದಿಕ್ಕಿಗೆ ನೋಡದಿರುವುದು ಇನ್ನೊಂದು ಸಾಮಾನ್ಯ ಕಾರಣ. ಹಗಲಿನಲ್ಲಿ ಒಂದು ಕಿ.ಮೀ.ಗಿಂತ ದೂರದ ಗೋಪುರವನ್ನೋ ಕಂಬದ ತುದಿಯನ್ನೋ ಮುಖ್ಯ ಕೊಳವೆಯಲ್ಲಿ ನಡುವಿಗೆ ತಂದು, ಅದೇ ಬಿಂದು ಫೈಂಡರಿನ ನಡುವೆ ಬರುವಂತೆ ಅದರ ತಿರುಪುಗಳನ್ನು ಹೊಂದಿಸಬೇಕು. ಕೆಂಪು ಚುಕ್ಕೆಯ ಫೈಂಡರ್ ಬೆಳಗದಿದ್ದರೆ ಬ್ಯಾಟರಿಯ ಅಡಿಯ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ತೆಗೆಯಲಾಗಿದೆಯೇ ಎಂದು ಮೊದಲು ನೋಡಬೇಕು.

ವಕ್ರೀಭವನ ದೂರದರ್ಶಕದಲ್ಲಿ ಬೆಳಕನ್ನು ಲಂಬಕೋನದಲ್ಲಿ ತಿರುಗಿಸುವ ಡಯಾಗನಲ್ ಕಳೆದುಹೋಗಿದ್ದರೆ ಕೊಳವೆಯನ್ನು ಎಷ್ಟು ಹೊರಕ್ಕೆಳೆದರೂ ಬಿಂಬ ಸ್ಪಷ್ಟವಾಗದಿರಬಹುದು. ಅದರೊಳಗಿನ ಬೆಳಕಿನ ಹಾದಿಯನ್ನು ಲೆಕ್ಕಕ್ಕೆ ಹಿಡಿದೇ ಕೊಳವೆಯ ಉದ್ದವನ್ನು ನಿಗದಿಪಡಿಸಿರುತ್ತಾರೆ. ನ್ಯೂಟನ್ ಮಾದರಿಯಲ್ಲಿ ಬಿಂಬ ತಲೆಕೆಳಗಾಗಿ ಕಾಣುವುದು ದೋಷವಲ್ಲ.

ದರ್ಪಣಗಳ ಜೋಡಣೆ

ಪ್ರತಿಫಲನ ದೂರದರ್ಶಕದಲ್ಲಿ ನಕ್ಷತ್ರಗಳು ಬಾಲವಿರುವ ಧೂಮಕೇತುಗಳಂತೆ ಕಂಡರೆ ದರ್ಪಣಗಳ ಓರೆಯನ್ನು ಸಂಶಯಿಸಬೇಕು. ಅದನ್ನು ತಿದ್ದುವ ಕ್ರಿಯೆಗೆ ಕಾಲಿಮೇಷನ್ ಎಂದು ಹೆಸರು. ನೇತ್ರಕದ ಜಾಗಕ್ಕೆ ನಡುವೆ ಸಣ್ಣ ರಂಧ್ರ ಕೊರೆದ ಮುಚ್ಚಳವನ್ನು ಹಾಕಿ, ಹಗಲು ಬೆಳಕಿನಲ್ಲಿ ಆ ರಂಧ್ರದ ಮೂಲಕ ನೋಡಬೇಕು. ಮೊದಲು ಕೊಳವೆಯ ಬಾಯಿಯ ಬಳಿಯಿರುವ ಚಿಕ್ಕ ದ್ವಿತೀಯಕ ದರ್ಪಣದ ಮೂರು ತಿರುಪುಗಳನ್ನು, ಅದರಲ್ಲಿ ಪ್ರಧಾನ ದರ್ಪಣದ ಅಂಚು ಪೂರ್ತಿಯಾಗಿ ಮತ್ತು ನಡುವೆ ಕಾಣುವವರೆಗೆ, ಸ್ವಲ್ಪಸ್ವಲ್ಪವಾಗಿ ತಿರುಗಿಸಬೇಕು. ಬಳಿಕ ಹಿಂಬದಿಯ ತಿರುಪುಗಳಿಂದ ಪ್ರಧಾನ ದರ್ಪಣವನ್ನು, ದ್ವಿತೀಯಕದ ಪ್ರತಿಬಿಂಬ ನಡುವಿಗೆ ಬರುವಂತೆ ಸರಿಸಬೇಕು. ಹಿಂಬದಿಯಲ್ಲಿ ಆರು ತಿರುಪುಗಳಿದ್ದರೆ ಅವುಗಳಲ್ಲಿ ಮೂರು ಬಿಗಿಹಿಡಿಯುವವು. ಅವನ್ನು ಮೊದಲು ಸಡಿಲಿಸದಿದ್ದರೆ ಉಳಿದವು ತಿರುಗುವುದಿಲ್ಲ. ಕೆಲಸದುದ್ದಕ್ಕೂ ಕೊಳವೆ ಅಡ್ಡವಾಗಿರಲಿ. ಕೈಜಾರಿದ ಸಲಕರಣೆ ಕೆಳಗಿನ ದರ್ಪಣದ ಮೇಲೆ ಬೀಳಬಾರದು. ಅಗ್ಗದ ಕೆಲವು 76 ಮಿ.ಮೀ. ಮಾದರಿಗಳಲ್ಲಿ ಪ್ರಧಾನ ದರ್ಪಣಕ್ಕೆ ತಿರುಪುಗಳೇ ಇರುವುದಿಲ್ಲ.

ಅಂತಿಮ ಪರೀಕ್ಷೆ ನಕ್ಷತ್ರದ ಮೇಲೆ. ನಡುವೆ ಹಿಡಿದ ಪ್ರಕಾಶಮಾನ ನಕ್ಷತ್ರವನ್ನು ಬೇಕೆಂದೇ ಮಸುಕಾಗಿಸಿದರೆ ಬೆಳಕಿನ ಬಿಲ್ಲೆಯೊಳಗೆ ಕಪ್ಪು ನೆರಳು ಕಾಣುತ್ತದೆ. ನೆರಳು ಸರಿಯಾಗಿ ನಡುವಿದ್ದರೆ ಜೋಡಣೆ ಸರಿಯಿದೆ. ಪಾಶ್ಚಾತ್ಯ ಕೈಪಿಡಿಗಳು ಇದಕ್ಕೆ ಅಲುಗಾಡದ ಧ್ರುವನಕ್ಷತ್ರವನ್ನು ಸೂಚಿಸುತ್ತವೆ. ಕರ್ನಾಟಕದಲ್ಲಿ ಅದು ಕ್ಷಿತಿಜದಿಂದ ಸುಮಾರು 12ರಿಂದ 18 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ದಟ್ಟ ವಾತಾವರಣದ ಮೂಲಕ ನೋಡಿದಂತಾಗಿ ಬಿಂಬ ಕುದಿಯುತ್ತದೆ. ನೆತ್ತಿಯ ಸಮೀಪದ ನಕ್ಷತ್ರವೇ ಇಲ್ಲಿ ಮೇಲು.

ಬಿಡಿಭಾಗಗಳು

ಬದಲಿ ಕೊಳ್ಳುವ ಮೊದಲು ನೇತ್ರಕದ ಕೊಳವೆಯ ಹೊರವ್ಯಾಸವನ್ನು ಅಳೆಯಬೇಕು. ಹಳೆಯ ಮತ್ತು ಆಟಿಕೆ ದರ್ಜೆಯ ಉಪಕರಣಗಳಲ್ಲಿ ಅದು 24.5 ಮಿ.ಮೀ. (0.965 ಅಂಗುಲ), ಈಗಿನ ಹೆಚ್ಚಿನವುಗಳಲ್ಲಿ 31.75 ಮಿ.ಮೀ. (1.25 ಅಂಗುಲ). ಅಳತೆ ಒಂದೇ ಆಗಿದ್ದರೆ ಯಾವ ತಯಾರಕರ ನೇತ್ರಕವಾದರೂ ಹೊಂದುತ್ತದೆ. ಚಿಕ್ಕ ಅಳತೆಯನ್ನು ದೊಡ್ಡದಕ್ಕೆ ಬದಲಿಸುವ ಅಡಾಪ್ಟರುಗಳೂ ಇವೆ. ಮುಕ್ಕಾಲಿಯ ಹಿಡಿಕೆ, ಫೋಕಸ್ ಗುಂಡಿ ಮೊದಲಾದ ಪ್ಲಾಸ್ಟಿಕ್ ಭಾಗಗಳಿಗೆ ಹೀಗೆ ಸಾಮಾನ್ಯ ಅಳತೆಯಿಲ್ಲ. ಆದರೂ ಒಂದೇ ಕಾರ್ಖಾನೆಯ ಉಪಕರಣ ಹಲವು ಹೆಸರುಗಳಲ್ಲಿ ಮಾರಾಟವಾಗುವುದರಿಂದ ರೂಪದಲ್ಲಿ ಹೋಲುವ ಬೇರೆ ಹೆಸರಿನ ಮಾದರಿಯ ಭಾಗ ಕೂರುವ ಸಾಧ್ಯತೆ ಇದೆ. ಕಳೆದ ತಿರುಪಿಗೆ ಜೊತೆಯದನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು ಹೋಲಿಸುವುದೇ ಸುಲಭ.

ಬದಲಿ ಹುಡುಕಬಾರದ ಭಾಗವೊಂದಿದೆ: ಕೆಲವು ಹಳೆಯ ಉಪಕರಣಗಳ ಜೊತೆ ಬರುವ, ನೇತ್ರಕಕ್ಕೆ ತಿರುಗಿಸಿ ಹಾಕುವ ಸೌರ ಫಿಲ್ಟರ್. ವಸ್ತುಕವು ಸೂರ್ಯನ ಬೆಳಕನ್ನೆಲ್ಲ ಒಟ್ಟುಗೂಡಿಸುವ ಜಾಗದ ಹತ್ತಿರವೇ ಅದು ಇರುವುದರಿಂದ ಕಾದು ಒಮ್ಮೆಗೇ ಸೀಳಬಹುದು. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಹಾನಿಯಾದದ್ದು ತಿಳಿಯುವಷ್ಟರಲ್ಲಿ ದೃಷ್ಟಿ ಹೋಗಿರುತ್ತದೆ. ಇಂತಹ ಫಿಲ್ಟರನ್ನು ಒಡೆದು ಎಸೆಯಬೇಕು. ಸೂರ್ಯವೀಕ್ಷಣೆಗೆ ಕೊಳವೆಯ ಮುಂತುದಿಯನ್ನು ಪೂರ್ತಿ ಮುಚ್ಚುವ, ಅದಕ್ಕೆಂದೇ ತಯಾರಾದ ಫಿಲ್ಟರ್ ಮಾತ್ರ ಯೋಗ್ಯ. ಆಗಲೂ ಫೈಂಡರನ್ನು ಮುಚ್ಚಿರಬೇಕು.

ದರ್ಪಣ ಮತ್ತು ಮಸೂರಗಳ ಆರೈಕೆ

ಅಲ್ಪಸ್ವಲ್ಪ ಧೂಳು ಬಿಂಬವನ್ನು ಕೆಡಿಸುವುದಿಲ್ಲ, ಒರೆಸುವುದು ಕೆಡಿಸುತ್ತದೆ. ದರ್ಪಣದ ಅಲ್ಯೂಮಿನಿಯಂ ಲೇಪ ಗಾಜಿನ ಮುಂಮೈಯಲ್ಲೇ ಇರುವುದರಿಂದ ಬಟ್ಟೆಯ ಉಜ್ಜಾಟಕ್ಕೆ ಗೀರು ಬೀಳುತ್ತದೆ. ತೀರಾ ಅಗತ್ಯವಾದರೆ ಒಂದೆರಡು ಹನಿ ಸೌಮ್ಯ ಸಾಬೂನು ದ್ರವ ಬೆರೆಸಿದ ನೀರಿನಲ್ಲಿ ನೆನೆಸಿ, ಭಟ್ಟಿಯಿಳಿಸಿದ ನೀರಿನಿಂದ ತೊಳೆದು, ನಿಲ್ಲಿಸಿ ಒಣಗಿಸಬೇಕು. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಚೀಲಗಳೊಂದಿಗೆ ಮುಚ್ಚಿದ ಪೆಟ್ಟಿಗೆಯಲ್ಲಿಡುವುದು ರೂಢಿ. ಲೇಪ ಪೂರ್ತಿ ಹಾಳಾದ ದರ್ಪಣಕ್ಕೆ ನಿರ್ವಾತ ಕೋಶದಲ್ಲಿ ಹೊಸ ಲೇಪ ಹಾಕಿಸಬಹುದು. ವಸ್ತುಕ ಮಸೂರದ ಚೌಕಟ್ಟನ್ನು ಮಾತ್ರ ಬಿಚ್ಚದಿರುವುದು ಲೇಸು: ಅದರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಗಾಜಿನ ಎರಡು ಮಸೂರಗಳಿರುತ್ತವೆ. ಬಿಚ್ಚಲೇಬೇಕಾದರೆ ಅವುಗಳ ಅನುಕ್ರಮ, ಮುಖ ಮತ್ತು ತಿರುವು ತಪ್ಪದಂತೆ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಬೇಕು.