ಅನ್ನನಾಳದ ಬಾಗಿಲು

ರಾತ್ರಿ ಹೊತ್ತುಮೀರಿ, ಹೊಟ್ಟೆ ಬಿರಿಯುವಂತೆ ಉಂಡು, ಕೈ ತೊಳೆದೊಡನೆಯೇ ಹಾಸಿಗೆಯ ಮೇಲೆ ಮೈಚಾಚಿದವರಿಗೆ, ನಡುರಾತ್ರಿಯಲ್ಲಿ ಎದೆಯ ಮೂಳೆಯ ಹಿಂದೆ ಕೆಂಡವಿಟ್ಟಂತಾಗಿ, ಬಾಯಿಗೆ ಹುಳಿನೀರು ಬಂದು, ಎದ್ದು ಕುಳಿತುಕೊಳ್ಳಬೇಕಾಗುವ ಸಂಕಟ ಅಪರಿಚಿತವಲ್ಲ. ಎದೆಯುರಿ, ಹುಳಿತೇಗು, ಪಿತ್ತ, ಈಚೆಗೆ ‘ಗ್ಯಾಸ್ಟ್ರಿಕ್’ ಎಂದು ಇದಕ್ಕೆ ನಮ್ಮ ಮನೆಗಳಲ್ಲಿ ನಾನಾ ಹೆಸರುಗಳುಂಟು. ಆಯುರ್ವೇದದ ಮಾಧವನಿದಾನದಲ್ಲಿ ಅಮ್ಲಪಿತ್ತಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಆದರೆ ಜಠರದಲ್ಲಿ ಆಮ್ಲವು ಮಿತಿಮೀರಿ ಉತ್ಪತ್ತಿಯಾಗುವುದೇ ಇದರ ಮೂಲವೆಂಬ ಜನಜನಿತ ನಂಬಿಕೆಯನ್ನು ತಿದ್ದಿಕೊಳ್ಳುವುದು ಅವಶ್ಯ. ಬಹುಪಾಲು ರೋಗಿಗಳಲ್ಲಿ ಆಮ್ಲವು ಇರತಕ್ಕಷ್ಟೇ ಇರುತ್ತದೆ. ಇರಬಾರದ ಸ್ಥಳಕ್ಕೆ ಅದು ಏರಿಬರುವುದೇ ವ್ಯಾಧಿ.

ಗಂಟಲಿನಿಂದ ಇಳಿಯುವ ಅನ್ನನಾಳವು ವಯಸ್ಕರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದವಿದ್ದು, ಎದೆಯನ್ನೂ ಉದರವನ್ನೂ ಬೇರ್ಪಡಿಸುವ ವಪೆಯೆಂಬ ಸ್ನಾಯುಪಟಲದ ರಂಧ್ರದೊಳಗಿಂದ ಹಾದು ಜಠರವನ್ನು ಸೇರುತ್ತದೆ. ಅದರ ತುದಿಯ ಮೂರು ನಾಲ್ಕು ಸೆಂಟಿಮೀಟರಿನಷ್ಟು ಸ್ನಾಯು ಸದಾ ಬಿಗಿದಿದ್ದು, ತುತ್ತು ಬಂದಾಗ ಸಡಿಲಿ, ಮರಳಿ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ವಪೆಯ ನಾರುಗಳು ಅದನ್ನು ಅವುಚಿ ಹಿಡಿದಿರುತ್ತವೆ. ಈ ಬಾಗಿಲು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಿದರೆ, ಲೋಳೆಯ ದಪ್ಪ ಕವಚವುಳ್ಳ ಜಠರವು ಸಹಿಸಬಲ್ಲ ಆಮ್ಲವು, ಅಂಥ ರಕ್ಷೆಯಿಲ್ಲದ ಅನ್ನನಾಳವನ್ನು ಸುಡುತ್ತದೆ.

ವಪೆಯ ರಂಧ್ರವೇ ಹಿಗ್ಗಿ, ಜಠರದ ಮೇಲ್ಭಾಗವು ಎದೆಗೂಡಿನೊಳಕ್ಕೆ ಜಾರಿಕೊಂಡರೆ ಅದಕ್ಕೆ ಹಯಾಟಲ್ ಹರ್ನಿಯಾ ಎನ್ನುತ್ತಾರೆ. ವಯಸ್ಸೂ ಸ್ಥೂಲಕಾಯವೂ ಇದಕ್ಕೆ ಎಡೆಮಾಡುತ್ತವೆ. ಇದು ಇದ್ದವರಿಗೆಲ್ಲ ಎದೆಯುರಿಯಿಲ್ಲ, ಎದೆಯುರಿಯುಳ್ಳವರಿಗೆಲ್ಲ ಇದಿಲ್ಲ. ಆದುದರಿಂದ ಹೆಸರು ಕೇಳಿದೊಡನೆ ಧೃತಿಗೆಡಬೇಕಾಗಿಲ್ಲ. ಜಠರದ ಮೇಲಂಚನ್ನು ಅನ್ನನಾಳದ ಬುಡಕ್ಕೆ ಸುತ್ತಿ ಹೊಲಿದು ಬಾಗಿಲನ್ನು ಭದ್ರಪಡಿಸುವ ಶಸ್ತ್ರಕ್ರಿಯೆಯನ್ನು 1955ರಲ್ಲಿ ಬಾಸೆಲ್ ನಗರದಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸೆನ್ ನೆರವೇರಿಸಿದನು. ಬಾಗಿಲು ಸಡಿಲುವುದಕ್ಕೆ ವಿಪರೀತವಾಗಿ, ಅದು ತೆರೆಯಲೇ ಒಲ್ಲದ ಅಕಲೇಸಿಯಾ ಎಂಬ ರೋಗವೂ ಉಂಟು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್, ತಿಮಿಂಗಿಲದ ಬಾಯಿಯ ಬಳುಕುಪಟ್ಟಿಯೊಂದರ ತುದಿಗೆ ಸ್ಪಂಜನ್ನು ಕಟ್ಟಿ, ಅಂಥ ರೋಗಿಯೊಬ್ಬನ ಅನ್ನವನ್ನು ಕೆಳಕ್ಕೆ ದೂಡಿಸಿ ಅವನನ್ನು ಬದುಕಿಸಿದನು.

ಎದೆಯುರಿಗೆ ಕೊಡುವ ಒಮೆಪ್ರಝೋಲ್ ಮೊದಲಾದ ಗುಳಿಗೆಗಳು ಆಮ್ಲವನ್ನು ತಗ್ಗಿಸುತ್ತವೆಯೇ ಹೊರತು ಬಾಗಿಲನ್ನು ಸರಿಪಡಿಸಲಾರವು. ಮಲಗುವುದಕ್ಕೆ ಮೂರು ಗಂಟೆ ಮೊದಲೇ ಉಣ್ಣುವುದು, ತೂಕ ಇಳಿಸುವುದು, ತಂಬಾಕನ್ನು ತ್ಯಜಿಸುವುದು, ಎಡಮಗ್ಗುಲಿಗೆ ಮಲಗುವುದು, ಮಂಚದ ತಲೆಗಡೆಯ ಕಾಲುಗಳ ಕೆಳಗೆ ಆರೆಂಟು ಅಂಗುಲದ ಮರದ ತುಂಡುಗಳನ್ನಿಡುವುದು, ಇವು ನಿಜಕ್ಕೂ ಉಪಕಾರಿ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಮಾತ್ರ ಹೊಟ್ಟೆ ಮಡಚಿಕೊಂಡು, ಒತ್ತಡವೇ ಹೆಚ್ಚುತ್ತದೆ.

ವರ್ಷಾನುಗಟ್ಟಲೆ ಸುಟ್ಟ ಅನ್ನನಾಳದ ಒಳಪೊರೆಯು ರೂಪಾಂತರ ಹೊಂದಿ, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುವುದುಂಟು. ಎದೆಯ ನೋವೆಲ್ಲ ಎದೆಯುರಿಯಲ್ಲ ಎಂಬುದೂ ನೆನಪಿರಲಿ. ನಡೆಯುವಾಗ ಎದೆ ಬಿಗಿದು, ಬೆವರೊಡೆದು, ನೋವು ತೋಳಿಗೋ ದವಡೆಗೋ ಹಬ್ಬಿದರೆ ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಮಲಗಬೇಡಿರಿ, ಅದು ಹೃದಯದ ಕೂಗಾಗಿರಬಹುದು. ಆ ಕ್ಷಣವೇ ಆಸ್ಪತ್ರೆಗೆ ಹೊರಡಿರಿ. ನುಂಗಿದ ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾದರೆ, ಕಾರಣವಿಲ್ಲದೆ ಮೈ ಇಳಿದರೆ, ರಕ್ತವಾಂತಿಯೋ ಕಪ್ಪು ಮಲವೋ ಕಂಡರೆ, ದಯಮಾಡಿ ಅಂಗಡಿಯ ಗುಳಿಗೆ ನುಂಗುತ್ತ ದಿನ ಕಳೆಯದೆ ವೈದ್ಯರಿಗೆ ತೋರಿಸಿರಿ.