ಆಟಿಸಂ ‘90 ದಿನದಲ್ಲಿ ಗುಣ’ವಾಗುತ್ತದೆಯೇ? ಮಾತು ಬಾರದ ಮಗುವಿಗೆ ನಿಜಕ್ಕೂ ಬೇಕಿರುವುದೇನು?

‘ಮಾತೇ ಬಾರದ ಮಗು ಮೂರೇ ತಿಂಗಳಲ್ಲಿ ಅಮ್ಮ ಎಂದಿತು! ಆಟಿಸಂಗೆ ಕೊನೆಗೂ ಮದ್ದು ಸಿಕ್ಕಿತು. ಹತ್ತು ಜನಕ್ಕೆ ಕಳಿಸಿ, ಒಂದು ಮಗುವಿನ ಬಾಳು ಬೆಳಗಲಿ.’ ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಮದ್ದು ಮಾತ್ರ ಬದಲಾಗುತ್ತಿರುತ್ತದೆ. ಒಮ್ಮೆ ಸ್ಟೆಮ್ ಸೆಲ್, ಒಮ್ಮೆ ಆಮ್ಲಜನಕದ ಕೋಣೆ, ಇನ್ನೊಮ್ಮೆ ಹೆಸರೇ ಇಲ್ಲದ ಪುಡಿ. ಕಳಿಸುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಆದರೆ ಅದನ್ನು ಓದಿ ಸಾಲ ಮಾಡಿ ಊರೂರು ಅಲೆಯುವವರು ಇದ್ದಾರೆ. ಹಣಕ್ಕಿಂತ ದೊಡ್ಡ ನಷ್ಟವೆಂದರೆ, ಮಗು ಕಲಿಯಬೇಕಿದ್ದ ವರ್ಷಗಳು ಆ ಅಲೆದಾಟದಲ್ಲೇ ಕಳೆದುಹೋಗುವುದು.

ನೇರ ಉತ್ತರ ಇದು: ಆಟಿಸಂ ಅನ್ನು ‘ಗುಣ’ಪಡಿಸುವ ಔಷಧ ಯಾವುದೂ ಇಲ್ಲ. ಅದು ಜ್ವರದಂತೆ ಬಂದು ಹೋಗುವ ಕಾಯಿಲೆಯಲ್ಲ, ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಭಿನ್ನತೆ. ಹೆಸರು ಹಿಡಿದು ಕರೆದರೂ ತಿರುಗದಿರುವುದು, ಒಂದೂವರೆ ವರ್ಷವಾದರೂ ‘ಅಲ್ನೋಡು’ ಎಂಬಂತೆ ಬೆರಳು ಮಾಡಿ ತೋರಿಸದಿರುವುದು, ಒಂದೇ ಆಟವನ್ನು ಒಂದೇ ಬಗೆಯಲ್ಲಿ ಆಡುತ್ತಲೇ ಇರುವುದು, ಕುಕ್ಕರ್ ಸೀಟಿಗೋ ಮದುವೆಮನೆಯ ವಾಲಗಕ್ಕೋ ಕಿವಿ ಮುಚ್ಚಿ ಅಳುವುದು ಇದರ ಕೆಲವು ಲಕ್ಷಣಗಳು. ಇವೆಲ್ಲ ಎಲ್ಲ ಮಕ್ಕಳಲ್ಲೂ ಇರಬೇಕೆಂದಿಲ್ಲ. ಕೆಲವರು ನಿರರ್ಗಳವಾಗಿ ಮಾತಾಡುತ್ತಾರೆ, ಕೆಲವರಿಗೆ ಜೀವನವಿಡೀ ಮಾತು ಬರುವುದಿಲ್ಲ.

ಹಾಗಾದರೆ ಆ ವಿಡಿಯೋದ ಮಗು ಮಾತಾಡಿದ್ದು ಸುಳ್ಳೇ?

ಸುಳ್ಳೇ ಆಗಿರಬೇಕಿಲ್ಲ. ಆಟಿಸಂ ಇರುವ ಮಕ್ಕಳೂ ಬೆಳೆಯುತ್ತಾರೆ, ಕಲಿಯುತ್ತಾರೆ. ನಾಲ್ಕು ವರ್ಷವಾದರೂ ಮಾತು ತೀರಾ ಹಿಂದಿದ್ದ 535 ಮಕ್ಕಳ ಮಾಹಿತಿಯನ್ನು ಅಮೆರಿಕದ ಸಂಶೋಧಕರು ನೋಡಿ 2013ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಶೇ. 70ರಷ್ಟು ಮಕ್ಕಳು ಆಮೇಲೆ ಪದ ಜೋಡಿಸಿ ಮಾತಾಡಲು ಕಲಿತಿದ್ದರು. ಶೇ. 47ರಷ್ಟು ಮಕ್ಕಳಿಗೆ ಸರಾಗ ಮಾತು ಬಂದಿತ್ತು. ಅಂದರೆ ಐದನೇ ವಯಸ್ಸಿನಲ್ಲಿ ಯಾವ ಪುಡಿ ಕೊಟ್ಟಿದ್ದರೂ ಹಲವು ಮಕ್ಕಳು ಮಾತು ಕಲಿಯುತ್ತಿದ್ದರು, ಹೆಸರು ಪುಡಿಗೆ ಬರುತ್ತಿತ್ತು. ನಮ್ಮಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಕ್ಕೇ ಮಾತು ಬಂತು ಎನ್ನುವುದೂ ಇದೇ ಲೆಕ್ಕ. ಮಾತು ಬಾರದ ಮಕ್ಕಳ ವಿಡಿಯೋವನ್ನು ಯಾರೂ ಹಂಚುವುದಿಲ್ಲ, ಅಷ್ಟೇ.

ಸ್ಟೆಮ್ ಸೆಲ್ ವಿಷಯದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಉಳಿದದ್ದಕ್ಕೆ ಇದು ಒಪ್ಪಿತ ಚಿಕಿತ್ಸೆಯಲ್ಲ. ಆಟಿಸಂಗೆ ಇದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಸಮಿತಿಯೂ 2022ರಲ್ಲಿ ಹೇಳಿದೆ. ಇನ್ನು ‘ದೇಹದ ಲೋಹದ ವಿಷ ತೆಗೆಯುತ್ತೇವೆ’ ಎನ್ನುವ ಕೀಲೇಷನ್. 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕನೊಬ್ಬ ಈ ಚಿಕಿತ್ಸೆಯ ವೇಳೆ ಸತ್ತುಹೋದ. ‘ಮಾಡಿ ನೋಡೋಣ, ನಷ್ಟವೇನು?’ ಎನ್ನುವವರಿಗೆ ಇದು ಗೊತ್ತಿರಲಿ.

ತಪ್ಪು ಯಾರದು ಎಂಬ ಹುಡುಕಾಟ

1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಬಗ್ಗೆ ಬರೆದಾಗಿನಿಂದಲೂ ಯಾರ ಮೇಲಾದರೂ ಗೂಬೆ ಕೂರಿಸುವ ಕೆಲಸ ನಡೆದೇ ಇದೆ. ಮೊದಲು ಸಿಕ್ಕಿದ್ದು ತಾಯಂದಿರು. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತು ಎಂಬ ವಾದ ಇಪ್ಪತ್ತು ವರ್ಷ ಮೆರೆಯಿತು. ಸ್ವತಃ ಆಟಿಸಂ ಇದ್ದ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಅದನ್ನು ಅಲ್ಲಗಳೆದರು. 1977ರಲ್ಲಿ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳ ಅಧ್ಯಯನ ನಡೆದ ಮೇಲೆ ವಂಶವಾಹಿಗಳ ಪಾತ್ರ ಗಟ್ಟಿಯಾಯಿತು. ನಮ್ಮ ಮನೆಗಳಲ್ಲಿ ‘ಕೆಲಸಕ್ಕೆ ಹೋಗ್ತಾಳೆ, ಮಗುವನ್ನ ಎಲ್ಲಿ ನೋಡ್ತಾಳೆ’ ಎಂಬ ಮಾತು ಮಾತ್ರ ಇನ್ನೂ ನಿಂತಿಲ್ಲ.

ಲಸಿಕೆಯ ಕಥೆ ನಿಮಗೆ ಗೊತ್ತಿರಬಹುದು. 1998ರ ಆ ಪ್ರಬಂಧದಲ್ಲಿ ಇದ್ದದ್ದು ಕೇವಲ 12 ಮಕ್ಕಳು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು, ಮುಖ್ಯ ಲೇಖಕ ವೈದ್ಯ ನೋಂದಣಿ ಕಳೆದುಕೊಂಡರು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ 2019ರ ಅಧ್ಯಯನದಲ್ಲಿ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ.

ಈಗಿನ ಸರದಿ ಮೊಬೈಲಿನದು. ‘ವರ್ಚುವಲ್ ಆಟಿಸಂ’ ಎಂಬ ಹೆಸರು ಓಡಾಡುತ್ತಿದೆ. ವೈದ್ಯರು ಬಳಸುವ ಅಂತರರಾಷ್ಟ್ರೀಯ ರೋಗಪಟ್ಟಿಯಲ್ಲಿ ಅಂಥ ಹೆಸರಿಲ್ಲ. ಪುಟ್ಟ ಮಗು ದಿನವಿಡೀ ಪರದೆ ನೋಡಿದರೆ ಮಾತು ತಡವಾಗಬಹುದು, ಆದ್ದರಿಂದ ಮೊಬೈಲ್ ಕಡಿಮೆ ಮಾಡುವುದು ಒಳ್ಳೆಯದೇ. ಆದರೆ ಯಾರ ಜೊತೆಗೂ ಸೇರದ, ಸಣ್ಣದಕ್ಕೂ ಕಿರುಚುವ ಮಗುವಿನ ಕೈಗೆ ಮೊಬೈಲ್ ಬೇಗ ಸೇರುತ್ತದೆ ಎಂಬುದನ್ನೂ ನೋಡಬೇಕಲ್ಲವೇ?

ಚಿತ್ರ ತೋರಿಸಿ ಕೇಳಿದರೆ ಮಾತು ನಿಂತುಹೋಗುತ್ತದೆಯೇ?

ನನ್ನ ಪ್ರಕಾರ ಅತಿ ಹೆಚ್ಚು ಹಾನಿ ಮಾಡುವ ತಪ್ಪು ನಂಬಿಕೆ ಇದು, ಆದರೂ ಇದರ ಬಗ್ಗೆ ಕಡಿಮೆ ಚರ್ಚೆಯಾಗುತ್ತದೆ. ಮಾತು ಬಾರದ ಮಗುವಿಗೆ ಚಿತ್ರದ ಕಾರ್ಡನ್ನೋ ಮಾತಾಡುವ ಆ್ಯಪನ್ನೋ ಕೊಡಿ ಎಂದು ಸ್ಪೀಚ್ ಥೆರಪಿಸ್ಟ್ ಹೇಳಿದರೆ ಮನೆಯವರು ಹಿಂಜರಿಯುತ್ತಾರೆ. ‘ಸುಲಭದ ದಾರಿ ಸಿಕ್ಕಿದರೆ ಬಾಯಿ ಬಿಡುತ್ತಾನಾ?’ ಎಂಬ ಭಯ.

ಇಂಥ ಒಂದು ವಿಧಾನ ಪೆಕ್ಸ್, 1985ರಲ್ಲಿ ಅಮೆರಿಕದಲ್ಲಿ ರೂಪುಗೊಂಡದ್ದು. ಕೆಲಸ ಮಾಡುವ ಬಗೆ ಸರಳ. ಮಗುವಿಗೆ ಚಕ್ಕುಲಿ ಇಷ್ಟ ಎನ್ನಿ. ಒಬ್ಬರು ಚಕ್ಕುಲಿ ಹಿಡಿದು ಎದುರು ಕೂರುತ್ತಾರೆ, ನಡುವೆ ಚಕ್ಕುಲಿಯ ಚಿತ್ರವಿರುತ್ತದೆ. ಇನ್ನೊಬ್ಬರು ಮಗುವಿನ ಹಿಂದೆ ಸುಮ್ಮನೆ ಕೂತಿರುತ್ತಾರೆ. ‘ಏನು ಬೇಕು, ಹೇಳು ಹೇಳು’ ಎಂದು ಯಾರೂ ಪೀಡಿಸುವುದಿಲ್ಲ. ಮಗು ಚಕ್ಕುಲಿಗೆ ಕೈ ಚಾಚಿದಾಗ ಹಿಂದಿನವರು ಆ ಕೈ ಹಿಡಿದು ಚಿತ್ರವನ್ನು ಎತ್ತಿಸಿ ಎದುರಿನವರಿಗೆ ಕೊಡಿಸುತ್ತಾರೆ. ತಕ್ಷಣ ‘ಚಕ್ಕುಲಿ!’ ಎನ್ನುತ್ತಾ ಚಕ್ಕುಲಿ ಕೊಡುತ್ತಾರೆ. ದಿನಕಳೆದಂತೆ ಹಿಂದಿನ ಕೈ ದೂರ ಸರಿಯುತ್ತದೆ. ಆಮೇಲೆ ಮಗು ಕಾರ್ಡ್ ಹಿಡಿದು ಅಡುಗೆಮನೆಗೆ ತಾನೇ ಹುಡುಕಿಕೊಂಡು ಬರಬೇಕು. ನಾನು ಹೇಳಿದರೆ ಎದುರಿನವರಿಗೆ ತಿಳಿಯುತ್ತದೆ ಎಂಬುದನ್ನು ಮಗು ಕಲಿಯುವುದು ಇಲ್ಲೇ. ಮಾತಿಗೂ ಬುನಾದಿ ಇದೇ.

ಮಾತು ನಿಂತುಹೋಗುತ್ತದೆಯೇ ಎಂಬುದನ್ನು ಸಂಶೋಧಕರು ನೋಡಿದ್ದಾರೆ. ಚಿತ್ರ, ಸನ್ನೆ, ಯಂತ್ರ ಇಂಥವನ್ನು ಕಲಿಸಿದ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2006ರ ವಿಮರ್ಶೆಯೊಂದರಲ್ಲಿ ಗಟ್ಟಿ ಪುರಾವೆ ಇದ್ದದ್ದು 27 ಪ್ರಕರಣಗಳಿಗೆ. ಅವುಗಳಲ್ಲಿ ಶೇ. 89ರಲ್ಲಿ ಮಾತು ಹೆಚ್ಚಿತ್ತು, ಉಳಿದವುಗಳಲ್ಲಿ ಇದ್ದಷ್ಟೇ ಇತ್ತು. ಒಂದರಲ್ಲೂ ಕಡಿಮೆಯಾಗಿರಲಿಲ್ಲ. ಹೆಚ್ಚಳ ಹಲವರಲ್ಲಿ ಅಲ್ಪವೇ, ಪವಾಡವೇನಲ್ಲ.

ಮನೆಯವರು ಸಾಮಾನ್ಯವಾಗಿ ‘ಬೇಕು’ ಎನ್ನುವ ಕಾರ್ಡುಗಳನ್ನು ಮಾಡುತ್ತಾರೆ, ‘ಬೇಡ’ ಮರೆತುಬಿಡುತ್ತಾರೆ. ಬೇಡ ಎನ್ನಲು ದಾರಿಯಿಲ್ಲದ ಮಗು ಕಚ್ಚುತ್ತದೆ, ತಲೆ ಚಚ್ಚಿಕೊಳ್ಳುತ್ತದೆ. ನಾವು ಅದಕ್ಕೆ ಹಟ ಎನ್ನುತ್ತೇವೆ. ಹೊಟ್ಟೆನೋವು, ಭಯ, ಯಾರೋ ಮೈ ಮುಟ್ಟಿದ್ದು ಇವನ್ನು ಹೇಳಲೂ ಆ ಮಗುವಿಗೆ ದಾರಿ ಬೇಕು. ಮಾತು ಬರಲಿ, ಆಮೇಲೆ ನೋಡೋಣ ಎಂದು ಕಾಯುವಷ್ಟೂ ದಿನ ಅದು ಇದನ್ನೆಲ್ಲ ಒಳಗೇ ಇಟ್ಟುಕೊಂಡಿರುತ್ತದೆ.

ಅನುಕಂಪವೂ ಬೇಡ, ಅದ್ಭುತವೂ ಬೇಡ

ಇನ್ನೊಂದು ಬಗೆಯ ಫಾರ್ವರ್ಡ್ ಹೊಗಳಿಕೆಯದು: ಆಟಿಸಂ ಇರುವವರೆಲ್ಲ ಮೇಧಾವಿಗಳು, ಐನ್‌ಸ್ಟೈನ್‌ಗೂ ಇತ್ತಂತೆ! ಸತ್ತು ದಶಕಗಳಾದವರಿಗೆ ಯಾರೂ ಪರೀಕ್ಷೆ ಮಾಡಲಾಗದು. ಗಣಿತದಲ್ಲಿ ಸಾಧಾರಣವಾಗಿರುವ ಹುಡುಗಿಗೆ ‘ನಿನ್ನ ವಿಶೇಷ ಶಕ್ತಿ ಯಾವುದು?’ ಎಂದು ಕೇಳುವುದು ಅವಳನ್ನು ಕುಗ್ಗಿಸುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡದವರನ್ನು ಕಳ್ಳ ಎಂದೋ ಅಹಂಕಾರಿ ಎಂದೋ ತೀರ್ಮಾನಿಸುವುದೂ ಅಷ್ಟೇ. ಹಲವರಿಗೆ ಕಣ್ಣು ನೋಡುತ್ತಾ ಮಾತು ಕೇಳಿಸಿಕೊಳ್ಳುವುದೇ ಕಷ್ಟ.

ಗೇಲಿ ಮಾಡುವ ವಿಡಿಯೋ ಹಂಚುವವರಿಗೆ ಒಂದು ಮಾಹಿತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ, ತುಚ್ಛೀಕರಿಸುವ ಉದ್ದೇಶದಿಂದಲೇ ವಿಕಲಚೇತನರನ್ನು ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡವಿದೆ.

1995ರ ಹಳೆಯ ಕಾಯ್ದೆಯಲ್ಲಿ ಏಳೇ ವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. ಈಗಿನ ಪಟ್ಟಿಯ 21ರಲ್ಲಿ ಅದೂ ಸೇರಿದೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವಿದ್ದರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರಷ್ಟು ಸೀಟುಗಳ ಮೀಸಲಾತಿಯಡಿ ಅರ್ಜಿ ಹಾಕಬಹುದು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯಿದ್ದು, ಥೆರಪಿಯ ಖರ್ಚಿನ ಒಂದು ಭಾಗವೂ ಅದರಲ್ಲಿ ಸಿಗುತ್ತದೆ. ಮಗುವಿನ ಬೆಳವಣಿಗೆಯ ಬಗ್ಗೆ ಅನುಮಾನವಿದ್ದರೆ ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೆ ತೋರಿಸಿ, ಅಥವಾ ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಪರೀಕ್ಷೆ ಮಾಡುತ್ತಾರೆ. ಚಿತ್ರದ ಕಾರ್ಡಿಗೆ ಮಾತ್ರ ಯಾವ ಪ್ರಮಾಣಪತ್ರವೂ ಬೇಡ. ಇವತ್ತೇ ಮನೆಯ ಲೋಟ, ಚಪ್ಪಲಿ, ಚಕ್ಕುಲಿಯ ಫೋಟೋ ತೆಗೆದು ಪ್ರಿಂಟ್ ಹಾಕಿಸಬಹುದು. ‘ಬೇಡ’ಕ್ಕೂ ಒಂದು ಕಾರ್ಡ್ ಇರಲಿ.